ಹಗ್ಗ ಮುಟ್ಟಿದ ಕೈ

ರಾಮನಗುಳಿ ದಾಟುವವರೆಗೂ ತುಳಸಿದಾಸ ತನ್ನ ಬಲ ಅಂಗೈಯನ್ನು ನೋಡಿಕೊಂಡಿರಲಿಲ್ಲ. ನೋಡುವುದೇನಿದೆ, ಉರಿಯುತ್ತಿತ್ತು. ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದರೆ ಕಿರುಬೆರಳಿನ ಬುಡದಿಂದ ಹೆಬ್ಬೆರಳಿನ ಬುಡದವರೆಗೆ ಒಂದು ಗೆರೆ ಚುರುಗುಟ್ಟುತ್ತಿತ್ತು. ಸಡಿಲ ಬಿಟ್ಟರೆ ಗಾಳಿ ತಾಗಿ ಇನ್ನೂ ಚುರುಗುಟ್ಟುತ್ತಿತ್ತು. ಪಕ್ಕದಲ್ಲಿ ಗಣೇಶ ಬರುತ್ತಿದ್ದ. ಸೋತವನು ಹಿಂದೆ ಉಳಿಯಬೇಕು, ಮುಖ ಊದಿಸಿಕೊಳ್ಳಬೇಕು, ಮಾತು ಬಿಡಬೇಕು, ಅದು ಲೋಕರೂಢಿ. ಶೆಟಗೇರಿಯ ಈ ಗಣೇಶನಿಗೆ ಅದೊಂದೂ ಗೊತ್ತಿದ್ದಂತಿರಲಿಲ್ಲ. ಮದುವೆಮನೆಯಲ್ಲಿ ಉಂಡು ಬರುವವನ ಹಾಗೆ ಹಾಯಾಗಿ ಪೆಡಲ್ ತುಳಿಯುತ್ತ, ಗಂಗಾವಳಿಯ ನೀರು ಈ ಸಲ ಇನ್ನೂ ಇಳಿದಿಲ್ಲವೆಂದೂ, ಗದ್ದೆಕೊಯ್ಲು ದೀಪಾವಳಿಗೆ ಮುಂಚೆ ಮುಗಿಯುವುದು ಸುಳ್ಳೆಂದೂ ಹೇಳುತ್ತಿದ್ದ. ಅದಿರು ತುಂಬಿದ ಲಾರಿಗಳು ಘಟ್ಟ ಇಳಿದು ಹಿಂದಿನಿಂದ ಬಂದು, ಇಬ್ಬರ ಮೈಮೇಲೂ ಕೆಂಪು ಧೂಳು ಸುರಿದು ಬಂದರಿನ ಕಡೆ ಹೋಗುತ್ತಿದ್ದವು. ಅದಿರು ಸುರಿದು ಖಾಲಿಯಾದವು ಎದುರಿನಿಂದ ಗಡಗಡ ಸದ್ದು ಮಾಡುತ್ತ ಮತ್ತೆ ಘಟ್ಟಕ್ಕೆ ಮರಳುತ್ತಿದ್ದವು. ಆ ವರ್ಷಗಳಲ್ಲಿ ಆ ರಸ್ತೆಯ ಬದಿಯ ಮರಗಳಿಗೂ ತಮ್ಮ ಬಣ್ಣ ಮರೆತುಹೋಗಿತ್ತು. ಖಾಲಿ ಲಾರಿಯೊಂದು ದಾಟಿದಾಗಲೆಲ್ಲ ತುಳಸಿದಾಸ ಕುತ್ತಿಗೆ ತಿರುಗಿಸಿ ಅದರ ಹಿಂಭಾಗ ನೋಡುತ್ತಿದ್ದ. ನೋಡಬಾರದು ಅಂದುಕೊಂಡೇ ನೋಡುತ್ತಿದ್ದ.

ಮುಂದಿನ ತಿಂಗಳು ಮಡಿಕೇರಿಯಲ್ಲಿ ಬೆಟ್ಟ ಹತ್ತುವ ಸೈಕಲ್ ರೇಸು. ಅಲ್ಲಿ ಮುಂದೆ ಬಂದವರನ್ನು ರಾಜ್ಯ ತಂಡದ ಶಿಬಿರಕ್ಕೆ ತೆಗೆದುಕೊಳ್ಳುತ್ತಾರೆ. ಕಾರವಾರ ಅಂಕೋಲೆಯ ಕಡೆಯಿಂದ ಒಬ್ಬನಿಗೆ ಮಾತ್ರ ಜಾಗ, ಮತ್ತು ವಯಸ್ಸಿನ ಮಿತಿಯ ಪ್ರಕಾರ ಇವರಿಬ್ಬರಿಗೂ ಇದೇ ಕೊನೆಯ ವರ್ಷ. ಆ ಒಬ್ಬ ಯಾರೆಂದು ಆರಿಸುವುದು ರವಿಕಿರಣ ಸರ್ ಕೆಲಸ. ಅವರಿಗೆ ಕಾರವಾರದಲ್ಲಿ ಫ್ಯಾನು ಮಿಕ್ಸರು ರಿಪೇರಿ ಮಾಡುವ ಅಂಗಡಿ. ಒಂದು ಕಾಲದಲ್ಲಿ ತಾವೇ ಸೈಕಲ್ ಹೊಡೆದು ಮೊಣಕಾಲು ಕಳೆದುಕೊಂಡವರು. ಈಗ ಮಂದಿಯ ಮೊಣಕಾಲಿನ ಮೇಲೆ ಅವರಿಗೆ ಆಸೆ. ಇವತ್ತು ಬೆಳಿಗ್ಗೆ ಅರಬೈಲು ಘಟ್ಟದ ಬುಡದಲ್ಲಿ ಮೊದಲು ಗಣೇಶನನ್ನು ಬಿಟ್ಟರು. ಸುಮಾರು ಹೊತ್ತು ಬಿಟ್ಟು, ಇವನು ಅವನನ್ನು ನೋಡಿ ಹುರುಪು ತೆಗೆದುಕೊಳ್ಳದ ಹಾಗೆ, ತುಳಸಿದಾಸನನ್ನು ಬಿಟ್ಟರು. ಆಮೇಲೆ ತಮ್ಮ ಬೈಕು ಹತ್ತಿ ಇವನನ್ನು ದಾಟಿ, ಹೆಬ್ಬೆರಳೆತ್ತಿ ತೋರಿಸಿ, ಗಡಿಯಾರದ ಸಮೇತ ಮೇಲಿನ ಚಾದಂಗಡಿಗೆ ಹೋಗಿಬಿಟ್ಟರು. ಘಟ್ಟದಲ್ಲಿ ತುಳಸಿದಾಸನೊಬ್ಬನೇ ಉಳಿದ. ಒಬ್ಬನೇ ಇದ್ದಾಗ ಮನುಷ್ಯ ಹೇಗಿರುತ್ತಾನೆ ಎಂದು ನೋಡಲು ದೇವರಿಗಾದರೂ ಪುರುಸೊತ್ತು ಇರಬೇಕಲ್ಲ.

ಮೊದಲ ತಿರುವುಗಳಲ್ಲಿ ಕಾಲು ಚೆನ್ನಾಗಿಯೇ ಓಡಿತು. ಒಂದು ತಿಂಗಳಿಂದ ಇದೇ ಘಟ್ಟ ಹತ್ತಿ ಇಳಿದು ಯಾವ ತಿರುವಿನಲ್ಲಿ ಗೇರ್ ಬದಲಿಸಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂದು ಕಾಲಿಗೇ ಬಾಯಿಪಾಠವಾಗಿತ್ತು. ಆದರೆ ಇವತ್ತು ಯಾಕೋ ಬಲ ತೊಡೆಯಲ್ಲಿ ಕಲ್ಲು ಕೂತಂತಾಯಿತು. ಹಿಂದಿನ ದಿನ ಸರಿಯಾಗಿ ಉಣ್ಣಲಿಲ್ಲವೋ, ಹೆದರಿಕೆಯೋ. ಗಣೇಶ ಇಷ್ಟೊತ್ತಿಗೆ ಎಲ್ಲಿದ್ದಾನು, ಮೇಲೆ ಮುಟ್ಟಿ ಚಾ ಕುಡಿಯುತ್ತಿರಬಹುದು ಅನ್ನಿಸಿದ ಕೂಡಲೇ ಉಸಿರು ತಪ್ಪಿತು. ಅಷ್ಟರಲ್ಲಿ ಹಿಂದಿನಿಂದ ಖಾಲಿ ಲಾರಿ ಬಂತು. ತಿರುವಿನಲ್ಲಿ ನಿಧಾನ ಮಾಡಿ, ನರಳಿ, ಗೇರ್ ಬದಲಿಸಿ ಅವನ ಪಕ್ಕದಿಂದ ಮುಂದೆ ಸರಿಯಿತು. ತಾಡಪತ್ರೆ ಬಿಗಿಯುವ ಹಗ್ಗದ ತುದಿಯೊಂದು ಬಿಚ್ಚಿಕೊಂಡು, ಗಂಟು ಹಾಕಿದ ಮೂತಿಯನ್ನು ಅತ್ತಿತ್ತ ಬಡಿಯುತ್ತ ಹಿಂದೆ ಎಳೆದುಕೊಂಡು ಹೋಗುತ್ತಿತ್ತು. ಹಾರವಾಡದ ಮೀನು ಹಿಡಿಯುವ ಖಾರ್ವಿ ಮನೆಯಲ್ಲಿ ಹುಟ್ಟಿದ ಯಾರೇ ಆಗಲಿ, ಜಾರಿ ಹೋಗುತ್ತಿರುವ ಹಗ್ಗದ ತುದಿ ಕಂಡರೆ ಮೊದಲು ಹಿಡಿಯುತ್ತಾರೆ, ಯಾರದೆಂದು ಆಮೇಲೆ ಕೇಳುತ್ತಾರೆ. ನಡೆಯಲು ಕಲಿಯುವ ಮೊದಲೇ ಕಲಿತದ್ದು ಅದು. ಹಗ್ಗ ಕೈತಪ್ಪಿತೆಂದರೆ ಬಲೆ ಹೋಯಿತು, ಬಲೆ ಹೋದರೆ ಕೇರಿಯೇ ಹೋಯಿತು. ಕೈ ತಾನಾಗಿ ಚಾಚಿತು. ಹಿಡಿಯಿತು.

ಇಲ್ಲಿಯವರೆಗಿನದಕ್ಕೆ ಅವನು ತನ್ನನ್ನು ಕ್ಷಮಿಸಬಲ್ಲ. ರಾಮನಗುಳಿಯಿಂದ ಈಚೆಗೆ ಎಷ್ಟೋ ಸಲ ಕ್ಷಮಿಸಿಯೂ ಆಗಿತ್ತು. ತೊಂದರೆ ಇರುವುದು ಆಮೇಲಿನದರಲ್ಲಿ. ಹಗ್ಗ ಬಿಗಿಯಾದ ಕೂಡಲೇ ತೋಳು ಕಳಚಿ ಹೋಗುವ ಹಾಗೆ ಜಗ್ಗಿತು, ಸೈಕಲ್ ಓಲಾಡಿತು, ನೆಟ್ಟಗಾಯಿತು. ತೊಡೆಯೊಳಗಿನ ಕಲ್ಲು ಕರಗಿತು. ಹಾಯೆನಿಸಿತು. ಸುಳ್ಳು ಯಾಕೆ ಹೇಳಬೇಕು, ಸುಖವೇ ಆಯಿತು. ಚಿಕ್ಕವನಿದ್ದಾಗ ಅಣ್ಣ ಶಾಂತಾರಾಮ ಹೆಗಲ ಮೇಲೆ ಕೂರಿಸಿಕೊಂಡು ಅಲೆಗಳೊಳಗೆ ಹೋಗುತ್ತಿದ್ದಾಗ ಆಗುತ್ತಿದ್ದಂಥ ಸುಖ. ಬಿಡುತ್ತೇನೆ, ಈ ಮರ ದಾಟಿದ ಮೇಲೆ ಬಿಡುತ್ತೇನೆ ಅಂದುಕೊಂಡ. ಮರ ದಾಟಿತು. ಈ ಮೋರಿ ದಾಟಿದ ಮೇಲೆ. ಮೋರಿಯೂ ದಾಟಿತು. ಅಷ್ಟರಲ್ಲಿ ತನ್ನ ಕಾಲುಗಳು ಸುಮ್ಮನೆ ಕೂತಿಲ್ಲ, ಪೆಡಲನ್ನು ತಿರುಗಿಸುತ್ತಲೇ ಇವೆ ಎಂಬುದು ಅವನ ಗಮನಕ್ಕೆ ಬಂತು. ಯಾರಿಗೆ ತೋರಿಸಲು? ಕಾಡಿನಲ್ಲಿ ಒಂದು ಮಂಗವೂ ಇರಲಿಲ್ಲ. ಮೇಲೆ ಡ್ರೈವರುಗಳು ಕೈಮುಗಿಯಲು ನಿಲ್ಲುವ ಗುಡಿಯ ತಿರುವು ಬರುವುದಕ್ಕೆ ಸ್ವಲ್ಪ ಮೊದಲು, ಅಲ್ಲಿ ಜನ ಇರಬಹುದು ಎಂದು ಎಣಿಸಿ, ಹಗ್ಗ ಬಿಟ್ಟ. ಹಿಡಿದದ್ದು ಕೈಯ ಅಭ್ಯಾಸ, ಸರಿ. ಬಿಟ್ಟದ್ದು? ಬಿಟ್ಟ ಜಾಗವೇ ಎಲ್ಲ ಹೇಳುತ್ತಿತ್ತು. ಅಲ್ಲಿಂದ ಮೇಲಕ್ಕೆ ಹುಚ್ಚು ಹಿಡಿದವನ ಹಾಗೆ ತುಳಿದ. ಆ ತುಳಿತ ಮಾತ್ರ ಸತ್ಯವಾಗಿತ್ತು. ಬಾಯಿಯಿಂದ ನೊರೆ ಬಂತು, ಕಣ್ಣು ಕತ್ತಲೆ ಬಂತು. ಮೇಲೆ ಮುಟ್ಟಿ ಸೈಕಲ್ಲಿನಿಂದ ಬಿದ್ದೇ ಇಳಿದದ್ದನ್ನು ನೋಡಿ ರವಿಕಿರಣ ಸರ್ ಓಡಿ ಬಂದು ಹಿಡಿದುಕೊಂಡು, ಗಡಿಯಾರ ನೋಡಿ, ಮತ್ತೊಮ್ಮೆ ನೋಡಿ, ಅವನ ತಲೆಯನ್ನು ಎದೆಗೆ ಒತ್ತಿಕೊಂಡರು. ಅವರ ಅಂಗಿಯಿಂದ ಸುಟ್ಟ ತಾಮ್ರದ ತಂತಿಯ ವಾಸನೆ ಬರುತ್ತಿತ್ತು. ಅವರ ಕಣ್ಣಲ್ಲಿ ನೀರಿತ್ತು ಎಂಬುದನ್ನು ತುಳಸಿದಾಸ ಈಗ ನೆನೆಯಲಾರ.

ಅದೇ ಚಾದಂಗಡಿಯ ಮುಂದೆ ಆ ಲಾರಿ ನಿಂತಿತ್ತು. ಇದನ್ನು ಅವನು ಎಣಿಸಿರಲಿಲ್ಲ. ಹೊಸಪೇಟೆ ಕಡೆಯ ಡ್ರೈವರು ಬೆಂಚಿನ ಮೇಲೆ ಒಂದು ಕಾಲಿಟ್ಟು ಚಾ ಕುಡಿಯುತ್ತಿದ್ದ. ಕನ್ನಡಿಯಲ್ಲಿ ನೋಡಿದ್ದನೋ, ತಿರುವಿನಲ್ಲಿ ನೋಡಿದ್ದನೋ, ಅಂತೂ ನೋಡಿದ್ದ. ಇವನನ್ನು ಮೇಲಿಂದ ಕೆಳಗೆ ಅಳೆದು, ಮೀಸೆಯೊಳಗೆ ನಕ್ಕು, "ಕೈ ಭಾಳ ಗಟ್ಟಿ ಐತಿ ತಮ್ಮಾ ನಿಂದು" ಅಂದ. ರವಿಕಿರಣ ಸರ್ ಜೋರಾಗಿ ನಕ್ಕು, ಕೈಯಲ್ಲಪ್ಪ, ಕಾಲು, ಇವನ ಕಾಲು ಗಟ್ಟಿ ಎಂದು ತಿದ್ದಿದರು. ಡ್ರೈವರು ಗ್ಲಾಸು ಬೆಂಚಿನ ಮೇಲಿಟ್ಟು, ಇಳಿಬಿದ್ದ ಹಗ್ಗವನ್ನು ಸುತ್ತಿ ಮೇಲಕ್ಕೆ ಎಸೆದು ಹೊರಟುಹೋದ. ಗಣೇಶ ಮಾತ್ರ ಯಾವ ಮಾತನ್ನೂ ಕೇಳಿಸಿಕೊಳ್ಳದೆ ಅಂಗಡಿಯವನಿಂದ ಬಿಸಿನೀರು ಇಸಿದುಕೊಂಡು ಬಂದು, ಗೆಳೆಯನ ಕಾಲಿನ ಮೀನಖಂಡವನ್ನು ಒತ್ತಲು ಕೂತಿದ್ದ. ಆಗ ಹೇಳಬಹುದಿತ್ತು. ಅವನ ಕೈ ಕಾಲಿನ ಮೇಲಿದ್ದಾಗ ಹೇಳುವುದು ಬಹಳ ಸುಲಭವಿತ್ತು. ಉಸಿರು ಬರಲಿ, ಹೇಳಿದರಾಯಿತು ಅಂದುಕೊಂಡ. ಉಸಿರು ಬಂದ ಮೇಲೆ ರವಿಕಿರಣ ಸರ್, ಸಂಜೆ ಬೆಂಗಳೂರಿಗೆ ಫೋನ್ ಮಾಡಿ ತುಳಸಿದಾಸನ ಹೆಸರು ಕೊಡುತ್ತೇನೆ, ಅದಕ್ಕೂ ಮೊದಲು ಹೇಳುವುದೇನಾದರೂ ಇದ್ದರೆ ಇಬ್ಬರೂ ಹೇಳಿಬಿಡಿ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಮನೆಯವರ ಒಪ್ಪಿಗೆ, ಮತ್ತೇನಲ್ಲ. ಗಣೇಶ ತನ್ನದೇನೂ ಇಲ್ಲವೆಂದ. ತುಳಸಿದಾಸನೂ ತಲೆಯಾಡಿಸಿದ.

"ಕೈಗೆ ಯಂತಾ ಆಯ್ತೋ?" ಗಣೇಶ ಕೇಳಿದ್ದು ಹೆಬ್ಬುಳದ ಹತ್ತಿರ, ನೀರು ಕುಡಿಯಲು ನಿಂತಾಗ. ಬಾಟಲಿ ಹಿಡಿಯಲು ಹೋಗಿ ತುಳಸಿದಾಸ ಅಂಗೈ ತೆರೆದಿದ್ದ. ಬ್ರೇಕು ಹಿಡಿದೂ ಹಿಡಿದೂ ಹೀಗಾಯ್ತು ಅಂದುಬಿಟ್ಟ. ಅಂದ ಮೇಲೆ ಅವನ ಕಿವಿಯೇ ಅದನ್ನು ನಂಬಲಿಲ್ಲ. ಘಟ್ಟ ಹತ್ತುವವನಿಗೆ ಬ್ರೇಕು ಯಾಕೆ? ಗಣೇಶನಿಗೂ ಅದೇ ಅನ್ನಿಸಿರಬೇಕು, ಒಂದು ಗಳಿಗೆ ಹುಬ್ಬು ಗಂಟಿಕ್ಕಿದ. ಆಮೇಲೆ ತಾನೇ, "ಓ, ಇಳೀವಾಗ ಅಲ್ದಾ" ಎಂದು ಸುಳ್ಳಿಗೆ ಬೇಕಾದ ಸೌದೆಯನ್ನು ತಾನೇ ಒದಗಿಸಿಕೊಟ್ಟ. ತನ್ನ ಕೊರಳ ಟವೆಲನ್ನು ಬಿಚ್ಚಿ, ನೀರಲ್ಲಿ ಅದ್ದಿ ಹಿಂಡಿ, ತುಳಸಿದಾಸನ ಹ್ಯಾಂಡಲ್ಲಿಗೆ ಸುತ್ತಿದ. ಹಿಡಿಯಲು ಮೆತ್ತಗಾಯಿತು. ಅದೊಂದು ಬಾಕಿ ಇತ್ತು. ಇವನು ಬೈದಿದ್ದರೆ, ನಿನ್ನ ಗೇರ್ ಸೈಕಲ್ ನನ್ನದಕ್ಕಿಂತ ಹೊಸದು ಎಂದು ಒಂದು ಕೊಂಕು ತೆಗೆದಿದ್ದರೆ, ಅದಕ್ಕೆ ಸಿಟ್ಟಾಗಿ ಸ್ವಲ್ಪವಾದರೂ ಹಗುರಾಗಬಹುದಿತ್ತು. ಈ ಮನುಷ್ಯ ಅದಕ್ಕೂ ಎಡೆ ಕೊಡಲಿಲ್ಲ.

ಅಂಕೋಲೆ ದಾಟಿ ಕಾರವಾರದ ಹೆದ್ದಾರಿಗೆ ಬಂದ ಮೇಲೆ, ಶೆಟಗೇರಿಗೆ ಒಳಹೋಗುವ ರಸ್ತೆಯ ಬಾಯಲ್ಲಿ ಗಣೇಶ ಒಂದು ಕಾಲು ನೆಲಕ್ಕೂರಿ ನಿಂತ. "ನಿಂಗೆ ಸಿಕ್ಕದ್ದು ಸಮಾ ಆಯ್ತು ಮಾರಾಯ. ನಂಗೆ ಸಿಕ್ಕಿದ್ರೂ ಕೊಯ್ಲು ಬಿಟ್ಟು ಹೋಗೂಕೆ ಅಪ್ಪ ಬಿಡ್ತಿದ್ನೋ ಇಲ್ವೋ" ಅಂದ. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ತುಳಸಿದಾಸ ಆ ಮಾತನ್ನು ಹಿಡಿದುಕೊಂಡ. ಹೌದಲ್ಲ, ಅವನ ಅಪ್ಪ ಜಟ್ಟ ಬಿಡುತ್ತಿರಲಿಲ್ಲ. ಹೇಗೂ ಹೋಗದವನ ಜಾಗವನ್ನು ತೆಗೆದುಕೊಂಡರೆ ಕದ್ದಂತಾಗುತ್ತದೆಯೇ? ಆ ಕಡ್ಡಿ ಹಿಡಿದು ಅವರ್ಸೆಯವರೆಗೂ ತೇಲಿದ. ಅಲ್ಲಿ ಯಾರದೋ ಗದ್ದೆಯಲ್ಲಿ ಒಬ್ಬ ಮುದುಕ ಒಬ್ಬನೇ ಕೊಯ್ಯುತ್ತಿದ್ದದ್ದು ಕಂಡು ಕಡ್ಡಿ ಮುರಿಯಿತು. ಕಳೆದ ಮಳೆಗಾಲದಲ್ಲಿ ಜಟ್ಟ, ಮಗನ ಸೈಕಲ್ಲಿನ ಬಾಗಿದ ಚಕ್ರವನ್ನು ಮಳೆಗೆ ಹೊದೆಯುವ ಗೊರಬಿನೊಳಗೆ ಬಚ್ಚಿಟ್ಟುಕೊಂಡು ತಾನು ನೆನೆಯುತ್ತ ಅಂಕೋಲೆಯ ಅಂಗಡಿಗೆ ತಂದದ್ದನ್ನು ಅವನೇ ನೋಡಿದ್ದ. ಮಗ ಗೆದ್ದರೆ ಊರ ದೇವರಿಗೆ ಕಾಯಿ ಒಡೆಸುತ್ತೇನೆಂದು ಗಣೇಶನ ತಾಯಿ ಮಾದಿ ಹೇಳಿಕೊಂಡದ್ದೂ ಅವನಿಗೆ ಗೊತ್ತಿತ್ತು, ಏಕೆಂದರೆ ಅವಳು ಇಬ್ಬರಿಗೂ ಸೇರಿಸಿ ಹೇಳಿಕೊಂಡಿದ್ದಳು. ಯಾರು ಗೆದ್ದರೂ ಒಂದೇ ಕಾಯಿ.

ಮನೆಯ ವಿಚಾರಕ್ಕೆ ಬಂದರೆ ಅಲ್ಲೂ ನೆರಳಿರಲಿಲ್ಲ. ಶಾಂತಾರಾಮ ಕಾರವಾರದ ಬೈತಖೋಲದಿಂದ ಟ್ರಾಲರಿನ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಹಾರವಾಡದ ದಂಡೆಯಲ್ಲಿ ರಾಂಪಣಿ ಬಲೆ ಬಿದ್ದ ದಿನ ಅವರ ಮನೆಯಿಂದ ಹಗ್ಗಕ್ಕೆ ನಿಲ್ಲಬೇಕಾದವನು ತುಳಸಿದಾಸ. ರಾಂಪಣಿಯೆಂದರೆ ಒಬ್ಬಿಬ್ಬರ ಕೆಲಸವಲ್ಲ; ದೋಣಿ ಸಮುದ್ರದಲ್ಲಿ ಬಲೆಯನ್ನು ಅರ್ಧಚಂದ್ರವಾಗಿ ಬಿಟ್ಟು ಬಂದ ಮೇಲೆ ಅದರ ಎರಡೂ ತುದಿಯ ಹಗ್ಗಗಳನ್ನು, ತೆಂಕಲ್ಲೊಂದು ಗುಂಪು ಬಡಗಲ್ಲೊಂದು ಗುಂಪು ನಿಂತು, ಕೇರಿಗೆ ಕೇರಿಯೇ ಎಳೆಯಬೇಕು. ಈ ತಿಂಗಳಿಡೀ ಅವನ ಜಾಗದಲ್ಲಿ ವೈನಿ ನಿಂತಳು. ಅಣ್ಣನ ಹೆಂಡತಿ ಕಾಶಿ. ನೀನು ಗುಡ್ಡ ಹತ್ತು, ಹಗ್ಗ ಎಲ್ಲಿಗೂ ಓಡಿ ಹೋಗುವುದಿಲ್ಲ ಎಂದು ಅವಳೇ ಕಳಿಸಿದಳು. ಹಗ್ಗ ಓಡಿ ಹೋಗಲಿಲ್ಲ, ನಿಜ. ಘಟ್ಟದ ತಿರುವಿಗೇ ಬಂದು ಅವನನ್ನು ಹುಡುಕಿಕೊಂಡಿತು. ಈ ಯೋಚನೆಗೆ ಅವನಿಗೇ ನಗು ಬಂತು. ನಗು ಬಂದದ್ದಕ್ಕೆ ಇನ್ನೂ ನಾಚಿಕೆಯಾಯಿತು.

ಸೈಕಲ್ ತಳ್ಳಿಕೊಂಡು ಮರಳಿಗೆ ಇಳಿಯುವಾಗ ಬಲೆ ಆಗಲೇ ಮೇಲೆ ಬಂದಿತ್ತು, ಪಾಲು ಹಾಕುವುದು ನಡೆದಿತ್ತು. ಬಂಗಡೆ. ಒದ್ದೆ ಮರಳಿನ ಮೇಲೆ ಸಾಲಾಗಿ ಗುಪ್ಪೆಗಳು, ಪ್ರತಿ ಗುಪ್ಪೆಯ ಹಿಂದೆ ಒಬ್ಬೊಬ್ಬರು ಬುಟ್ಟಿ ಹಿಡಿದು ಕೂತಿದ್ದರು. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಹಾರವಾಡದ ಈ ದಂಡೆಯಲ್ಲಿ ಯಾರು ಎಳೆದರು ಯಾರು ಎಳೆಯಲಿಲ್ಲ ಎಂದು ಬರೆದಿಡುವವರಿಲ್ಲ. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಮುಟ್ಟಿದ್ದಕ್ಕೆ ಸಾಕ್ಷಿ ಅಂಗೈ. ದೋಣಿಯ ಯಜಮಾನ, ತಾಂಡೇಲ ರಾಮಾ, ಸಾಲಿನ ಉದ್ದಕ್ಕೂ ನಡೆಯುತ್ತಾನೆ; ಒಬ್ಬೊಬ್ಬರೂ ಬಲಗೈ ಬಿಚ್ಚಿ ತೋರಿಸುತ್ತಾರೆ. ಒದ್ದೆ ಹಗ್ಗದ ಹಸಿಗೆರೆ ಇದ್ದರೆ ಸರಿ. ಗೆರೆ ಇಲ್ಲದವನು ಸ್ವಂತ ತಮ್ಮನಾದರೂ ರಾಮಾ ಮುಂದೆ ಹೋಗಿಬಿಡುತ್ತಾನೆ. ಪಾಲು ಹಾಕಿ ಮುಗಿದ ಮೇಲೆ ಯಾರಾದರೂ ಬಿಟ್ಟುಹೋದದ್ದು ಗೊತ್ತಾದರೆ ಅದಕ್ಕೂ ಪದ್ಧತಿಯಿದೆ: ಪ್ರತಿಯೊಂದು ಗುಪ್ಪೆಯಿಂದ ಒಂದೊಂದು ಮೀನು ತೆಗೆದು ಹೊಸ ಗುಪ್ಪೆ ಮಾಡುವುದು. ಅದಕ್ಕೆ ಯಾರೂ ಗೊಣಗುವುದಿಲ್ಲ.

ತುಳಸಿದಾಸ ವೈನಿಯ ಹಿಂದೆ ಬಂದು ನಿಂತ. ಅವಳಿಗೆ ಹೇಳಿಬಿಡಬೇಕು, ಅವಳೊಬ್ಬಳಿಗೆ ಹೇಳಿದರೆ ಉಳಿದದ್ದನ್ನು ಅವಳೇ ಹೇಗಾದರೂ ಮಾಡುತ್ತಾಳೆ ಎಂಬ ಮಕ್ಕಳ ಬುದ್ಧಿ ಅವನಲ್ಲಿ ಇನ್ನೂ ಉಳಿದಿತ್ತು. ಕಾಶಿ ತಿರುಗಿ, ಹುಬ್ಬಿನಲ್ಲೇ ಏನಾಯಿತೆಂದು ಕೇಳಿದಳು. ಅವನು ಬಾಯಿ ತೆರೆಯುವುದಕ್ಕೂ ರಾಮಾ ಅವನನ್ನು ನೋಡುವುದಕ್ಕೂ ಸರಿಹೋಯಿತು. ತಿಂಗಳಿಂದ ದಂಡೆಗೆ ಬಾರದವನನ್ನು ಸ್ವಲ್ಪ ಕೆಣಕೋಣವೆಂದು ಅವನಿಗೆ ಅನ್ನಿಸಿರಬೇಕು.

"ಏ ತುಳಸಿ, ಕೈ ತೋರ್ಸು ರೇ" ಅಂದ.

ಎಲ್ಲರೂ ನಕ್ಕರು. ಸುಮ್ಮನೆ ನಕ್ಕು ಕೈ ಕಟ್ಟಿ ನಿಂತಿದ್ದರೆ ಆಗುತ್ತಿತ್ತು. ಆದರೆ ಆ ಮಾತು ಕೇಳಿದ ಕೂಡಲೇ ಅಂಗೈ ಬಿಚ್ಚುವುದು ಹುಟ್ಟಿನಿಂದ ಬಂದ ಅಭ್ಯಾಸ. ಬೆಳಿಗ್ಗೆ ಹಗ್ಗ ಹಿಡಿದ ಅದೇ ಕೈ ಈಗ ಅವನನ್ನು ಕೇಳದೆ ತೆರೆದುಕೊಂಡಿತು. ನಡುವೆ ಆ ಗೆರೆ, ಚರ್ಮ ಸುಲಿದು ಕೆಂಪಗೆ ಕೂತಿತ್ತು. ರಾಮಾ ನಗುತ್ತ ಬಂದವನು ನಗು ನಿಲ್ಲಿಸಿ ಬಗ್ಗಿ ನೋಡಿದ. ಹೆಬ್ಬೆರಳಿನಿಂದ ಸವರಿದ. ತುಳಸಿದಾಸ ನೋವಿಗೆ ಹಲ್ಲು ಕಚ್ಚಿದ. ಇವ ಯಾವಾಗ ಬಂದು ಎಳೆದ, ನಾನು ನೋಡಲೇ ಇಲ್ಲವಲ್ಲ ಎಂದು ರಾಮಾ ತನ್ನನ್ನೇ ಬೈದುಕೊಂಡ. ಬಡಗಿನ ಹಗ್ಗದವರು, ಇವ ತೆಂಕಿನ ಗುಂಪಿನಲ್ಲಿದ್ದಿರಬೇಕು ಅಂದರು. ತೆಂಕಿನವರು, ಬಡಗಿನಲ್ಲಿದ್ದಿರಬೇಕು ಎಂದು ತಲೆಯಾಡಿಸಿದರು. ಗುಡ್ಡ ಹತ್ತಿ ಇಳಿದು ಬಂದು ಮತ್ತೆ ಹಗ್ಗಕ್ಕೂ ಕೈ ಕೊಟ್ಟಿದ್ದಾನೆ ಹುಡುಗ ಎಂದು ಯಾರೋ ಮೆಚ್ಚಿಕೊಂಡರು. ಕಾಶಿ ಒಬ್ಬಳೇ ಅಂಗೈ ಬಿಟ್ಟು ಅವನ ಮುಖ ನೋಡಿದಳು. ಅವನು ಆಗಷ್ಟೇ ರಸ್ತೆಯಿಂದ ಇಳಿದದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

ರಾಮಾ ಖಾಲಿ ಬುಟ್ಟಿ ಹಿಡಿದು ಸಾಲಿನ ಆ ತುದಿಯಿಂದ ಶುರುಮಾಡಿದ. ಒಂದು ಗುಪ್ಪೆಯಿಂದ ಒಂದು ಬಂಗಡೆ, ಇನ್ನೊಂದರಿಂದ ಇನ್ನೊಂದು. ಜನ ಮಾತಾಡುತ್ತಲೇ ಇದ್ದರು, ಕೈ ಬಂದು ಮೀನು ಎತ್ತುವಾಗ ಮೊಣಕಾಲು ಸರಿಸಿ ದಾರಿ ಕೊಡುತ್ತಿದ್ದರು. ತುಳಸಿದಾಸ ಒಂದೊಂದು ಮೀನನ್ನೂ ಎಣಿಸುತ್ತಿದ್ದ. ಬೆಳಿಗ್ಗೆ ಘಟ್ಟದಲ್ಲಿ ತೆಗೆದುಕೊಂಡದ್ದು ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಗಡಿಯಾರದ ಒಂದಿಷ್ಟು ಮುಳ್ಳಿನ ಓಟ, ಅಷ್ಟೇ ಎಂದು ಹೇಳಿಕೊಳ್ಳಬಹುದಿತ್ತು. ಇಲ್ಲಿ ಅದು ಒಂದೊಂದಾಗಿ, ನೀಲಿ ಬೆನ್ನು ಹೊಳೆಯಿಸುತ್ತ, ಒಬ್ಬೊಬ್ಬರ ಎದುರಿನಿಂದ ಎದ್ದು ಬರುತ್ತಿತ್ತು. ವೈಜಯಂತಿ ಅಜ್ಜಿಯ ಗುಪ್ಪೆ ಬಂತು. ಅವಳಿಗೆ ಈಗ ಎಳೆಯುವ ಶಕ್ತಿಯಿಲ್ಲ, ಹಗ್ಗದ ಬಾಲದಲ್ಲಿ ನಿಂತು ಕೈಯಿಟ್ಟಿರುತ್ತಾಳೆ; ಆದ್ದರಿಂದ ಗೆರೆಯೂ ತೆಳು, ಗುಪ್ಪೆಯೂ ಚಿಕ್ಕದು. ರಾಮಾ ಅವಳದನ್ನು ಬಿಟ್ಟು ಮುಂದೆ ಹೋಗಲಿದ್ದ. ಅವಳೇ ಅವನ ಪಂಚೆ ಹಿಡಿದು ನಿಲ್ಲಿಸಿ, ತನ್ನದರಲ್ಲಿ ದೊಡ್ಡದೊಂದನ್ನು ಆರಿಸಿ ಬುಟ್ಟಿಗೆ ಹಾಕಿ, "ಗುಡ್ಡ ಹತ್ತೂ ಹುಡ್ಗ, ತಿನ್ಲಿ" ಅಂದಳು.

"ನಾ ಎಳೀಲಿಲ್ಲ, ಮಾಮಾ" ಎಂದ ತುಳಸಿದಾಸ.

ರಾಮಾಗೆ ಕೇಳಿಸಲಿಲ್ಲವೋ, ನಾಚಿಕೆಗೆ ಹೇಳುತ್ತಿದ್ದಾನೆ ಅಂದುಕೊಂಡನೋ. ಇವನು ಮತ್ತೆ ಹೇಳಿದ. ರಾಮಾ ಬುಟ್ಟಿ ಇಳಿಸಿ, ಹಾಗಾದರೆ ಅದು ಯಾವ ಹಗ್ಗದ ಗುರುತು ಎಂದು ಕೇಳಿದ. ಲಾರಿಯದು ಅಂದ. ದಂಡೆಯೆಲ್ಲ ನಕ್ಕಿತು. ಬಂದರಿಗೆ ಅದಿರು ಹೊರುವುದು ಸಾಲದೆಂದು ಲಾರಿ ಈಗ ಬಲೆಯನ್ನೂ ಎಳೆಯುತ್ತದೋ ಎಂದು ಒಬ್ಬ ಕೇಳಿದ. ಅದಕ್ಕೆ ಇನ್ನೂ ನಕ್ಕರು. ಸತ್ಯ ಹೇಳಿದರೂ ಕುಚೋದ್ಯವಾಗಿ ಹೋಗುತ್ತದಲ್ಲ, ಸರಿ, ಹೇಳಿದ್ದಂತೂ ಆಯಿತು, ಇನ್ನು ನಕ್ಕು ಬುಟ್ಟಿ ತೆಗೆದುಕೊಂಡು ಹೋಗಬಹುದು ಎಂದು ಒಳಗಿನಿಂದ ಯಾರೋ ಪಿಸುಗುಟ್ಟಿದರು. ಆ ದನಿ ಅವನಿಗೆ ಚೆನ್ನಾಗಿ ಪರಿಚಯ; ಮರ ದಾಟಲಿ ಮೋರಿ ದಾಟಲಿ ಅಂದದ್ದು ಅದೇ. ನಗದೆ ಕೂತಿದ್ದ ಕಾಶಿಯ ಮುಖ ನೋಡಿದ. ಆಮೇಲೆ ಮೀನಿನ ಕಡೆ ನೋಡುತ್ತ, ನಿಲ್ಲಿಸದೆ, ಎಲ್ಲ ಹೇಳಿದ. ಲಾರಿ ಬಂದದ್ದು, ಹಗ್ಗ ಜೋತುಬಿದ್ದದ್ದು, ಹಿಡಿದದ್ದು, ಬಿಡದೆ ಹೋದದ್ದು, ಗುಡಿಯ ಹತ್ತಿರ ಬಿಟ್ಟದ್ದು, ಶೆಟಗೇರಿಯ ಗಣೇಶನಿಗೆ ಸಿಗಬೇಕಾದದ್ದು ತನಗೆ ಸಿಕ್ಕಿದ್ದು. ಪೆಡಲ್ ತುಳಿಯುವ ನಾಟಕ ಆಡಿದ್ದನ್ನೂ ಬಿಡಲಿಲ್ಲ. ಹೇಳಿ ಮುಗಿಸಿದಾಗ ನಗು ಎಲ್ಲಿ ನಿಂತಿತ್ತೋ ಅವನಿಗೆ ತಿಳಿಯಲಿಲ್ಲ. ಯಾರೂ ಬೈಯಲಿಲ್ಲ.

ಕಾಶಿ ಸೊಂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕೊಟ್ಟೆಯಿಂದ ಮನೆಯ ಮೊಬೈಲು ಬಿಚ್ಚಿ ಕೊಟ್ಟಳು. ಕೊಡುವಾಗ ಅವಳ ಅಂಗೈ ಕಂಡಿತು. ಒಂದು ಗೆರೆಯಲ್ಲ, ಮಾಸಿದ ಗೆರೆ, ಅದರ ಮೇಲೆ ಹೊಸ ಗೆರೆ, ಒಡೆದು ಒಣಗಿ ಮತ್ತೆ ಒಡೆದದ್ದು. ಒಂದು ತಿಂಗಳು ಅವನ ಕೈಯಲ್ಲಿ ಬೀಳಬೇಕಾಗಿದ್ದ ಗೆರೆಗಳೆಲ್ಲ ಅಲ್ಲಿದ್ದವು. "ನಾ ನಿನ್ನ ಹಗ್ಗ ಹಿಡ್ದದ್ದು ನೀ ಗುಡ್ಡ ಹತ್ಲಿ ಅಂತ" ಅಂದಳು. ಅಷ್ಟೇ ಹೇಳಿದಳು. ಅಷ್ಟನ್ನು ಹೇಳದೆ ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ರವಿಕಿರಣ ಸರ್ ಅಂಗಡಿಯಲ್ಲೇ ಇದ್ದರು, ಹಿಂದೆ ಯಾವುದೋ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ತುಳಸಿದಾಸ ಹೇಳುತ್ತ ಹೋದ ಹಾಗೆ ಅವರು ಫ್ಯಾನು ಬಂದ್ ಮಾಡಿದರು. ಗಣೇಶನ ಹೆಸರನ್ನೇ ಕೊಡುತ್ತೇನೆ, ಆದರೆ ಅವನಿಗೆ ನಾನು ಹೇಳುವುದಿಲ್ಲ, ನೀನೇ ಹೋಗಿ ಹೇಳು ಎಂದು ಫೋನ್ ಇಟ್ಟರು. ಇನ್ನು ಅಂಗಡಿಗೆ ಬರಬೇಡವೆಂದು ಅವರು ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ. ಅವರ ಅಂಗಿಯ ತಂತಿಯ ವಾಸನೆ ಅವನ ಮೂಗಿಗೆ ಬಂದ ಹಾಗಾಯಿತು.

ಬುಟ್ಟಿ ಅಲ್ಲೇ ಮರಳಿನ ಮೇಲಿತ್ತು. ಅದನ್ನು ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಕೈ ತೋರಿಸಿ ಪಾಲು ಪಡೆದವನು ಅದನ್ನು ತಿರುಗಿ ಕೊಟ್ಟದ್ದು ಆ ದಂಡೆಯಲ್ಲಿ ಎಂದೂ ಆಗಿರಲಿಲ್ಲ. ಹದ್ದೊಂದು ಆಗಲೇ ಎರಡು ಸಲ ಇಳಿದು ನೋಡಿ ಹೋಗಿತ್ತು. ರಾಮಾ ತಲೆ ಕೆರೆದುಕೊಂಡ. ಕೊನೆಗೆ, "ತೆಗ್ದ ಮೀನು ತಿರ್ಗಿ ಹಾಕೂಕೆ ಬರೂದಿಲ್ಲ. ಯಾವ್ದು ಯಾರ್ದು ಅಂತ ಮೀನಿಗೂ ಗೊತ್ತಿಲ್ಲ. ಇದು ಆ ಶೆಟಗೇರಿ ಹುಡ್ಗಂದು. ಕೊಟ್ಟು ಬಾ" ಅಂದ. ಹೇಳಿ, ಇನ್ನೂ ಮುಟ್ಟದೆ ಉಳಿದಿದ್ದ ಗುಪ್ಪೆಗಳಿಂದಲೂ ಒಂದೊಂದು ಮೀನು ತೆಗೆದು ಬುಟ್ಟಿಗೆ ಹಾಕಿ ಪಾಲು ಪೂರ್ತಿ ಮಾಡಿದ. ಕಾಶಿಯ ಗುಪ್ಪೆ ಕೊನೆಯದು. ಅವಳೂ ಮೊಣಕಾಲು ಸರಿಸಿ ದಾರಿ ಕೊಟ್ಟಳು.

ರೇಸಿನ ಸೈಕಲ್ಲಿಗೆ ಕ್ಯಾರಿಯರ್ ಇರುವುದಿಲ್ಲ. ಬುಟ್ಟಿಯನ್ನು ಗಣೇಶನ ಟವೆಲಿನಿಂದಲೇ ಹ್ಯಾಂಡಲ್ಲಿಗೆ ಕಟ್ಟಿಕೊಂಡು ಹೊರಟ. ಮೀನಿನ ನೀರು ಮುಂದಿನ ಚಕ್ರದ ಮೇಲೆ ತೊಟ್ಟಿಕ್ಕುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು ಮಂದಿ ಹೇಳುತ್ತಾರೆ. ಹೇಳುವವರು ಯಾರೂ ಹೇಳಿ ನೋಡಿದವರಲ್ಲ ಅನ್ನಿಸಿತು. ಅವನಿಗೆ ಹಗುರಾಗಿರಲಿಲ್ಲ. ಮಡಿಕೇರಿಗೆ ಹೋಗಬೇಕೆಂಬ ಆಸೆಯೂ ಹೋಗಿರಲಿಲ್ಲ. ಹೊಟ್ಟೆಯೊಳಗೆ ಹಾಗೇ ಕೂತು, ಇಷ್ಟು ಅವಸರ ಯಾಕೆ ಮಾಡಿದೆ ಎಂದು ಕೇಳುತ್ತಿತ್ತು. ಸಣ್ಣದೊಂದು ಏರಿನಲ್ಲಿ ಹಿಂದಿನಿಂದ ಲಾರಿ ಬಂತು. ಪಕ್ಕದಿಂದ ದಾಟಿ ಮುಂದೆ ಸರಿಯಿತು. ಅದರ ಹಿಂದೆಯೂ ಒಂದು ತುಂಡು ಹಗ್ಗ ಜೋತಾಡುತ್ತಿತ್ತು. ಬುಟ್ಟಿ ಒಂದು ಕಡೆ ವಾಲಿದಾಗಲೇ ಅವನಿಗೆ ಗೊತ್ತಾದದ್ದು, ಬಲಗೈ ಆಗಲೇ ಹ್ಯಾಂಡಲ್ ಬಿಟ್ಟು ಗಾಳಿಯಲ್ಲಿ ಚಾಚಿಕೊಂಡಿದೆ. ಲಾರಿ ಹೋಯಿತು. ಅವನು ಇಳಿದು, ರಸ್ತೆಬದಿಯಲ್ಲಿ ನಿಂತು, ಆ ಕೈಯನ್ನು ಎಡಗೈಯಿಂದ ಹಿಡಿದುಕೊಂಡ. ಅಲ್ಲಿಂದ ಮುಂದೆ ಸೈಕಲ್ ತಳ್ಳಿಕೊಂಡೇ ನಡೆದ.

ಶೆಟಗೇರಿಯ ಅಂಗಳದಲ್ಲಿ ಜಟ್ಟ ಭತ್ತದ ಹೊರೆಗಳನ್ನು ಒಟ್ಟುತ್ತಿದ್ದ, ಮಾದಿ ಕಸಬರಿಗೆ ಹಿಡಿದು ಕಾಳು ಸೇರಿಸುತ್ತಿದ್ದಳು. ಗಣೇಶ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಇನ್ನು ಎಲ್ಲಿಗೂ ಹೋಗಬೇಕಾಗಿಲ್ಲದ ಅದರ ಚೈನಿಗೆ ಎಣ್ಣೆ ಹಾಕುತ್ತಿದ್ದ. ಬುಟ್ಟಿ ನೋಡಿ ಅವನ ಮುಖ ಅರಳಿತು. "ಗೆದ್ದಂವ ನೀನು, ಉಂಬೂಕೆ ಹಾಕೂದು ನಂಗಾ?" ಅಂದ. ಮಾದಿ ಇಷ್ಟೊಂದು ಮೀನೇ ಎಂದು ಬೆರಗಾಗಿ, ಒಳಗಿನಿಂದ ಪಾತ್ರೆ ತರಲು ಎದ್ದಳು.

ತುಳಸಿದಾಸ ಬಲಗೈ ಮುಂದೆ ಮಾಡಿ ಅಂಗೈ ಬಿಚ್ಚಿದ. ಗಣೇಶ ಅದನ್ನು ನೋಡಿ, ಇನ್ನೂ ಉರಿಯುತ್ತದಾ ಎಂದು ಕೇಳಿ, ತೆಂಗಿನೆಣ್ಣೆ ತಾ ಎಂದು ತಾಯಿಯನ್ನು ಕೂಗಿದ.

"ಎಣ್ಣೆ ಬೇಡ" ಅಂದ ತುಳಸಿದಾಸ. "ಮೊದ್ಲು ಸಮಾ ನೋಡು. ಬ್ರೇಕು ಹಿಡಿದ್ರೆ ಹೀಂಗೆ ಆಗೂದಿಲ್ಲ."

ಗಣೇಶ ನೋಡಿದ. ಹಗ್ಗ ಬಿಗಿದು ಹೊರೆ ಕಟ್ಟುವ ಮನೆಯವನು. ದಿನವೆಲ್ಲ ಹಗ್ಗವೇ ಅವನ ಕೈಯಲ್ಲಿ. ಹತ್ತಿರ ಬಂದು ಬಗ್ಗಿ, ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಗೆರೆಯ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ಅದಿರಿನ ಕೆಂಪು ಕೂತಿತ್ತು. ಅವನ ಮುಖ ನಿಧಾನವಾಗಿ ಬದಲಾಯಿತು, ಮೊದಲು ಕಣ್ಣು, ಆಮೇಲೆ ಬಾಯಿ. ಮಾದಿ ಪಾತ್ರೆಯನ್ನೂ ಎಣ್ಣೆಯ ಬಾಟಲಿಯನ್ನೂ ಹಿಡಿದು ಹೊಸ್ತಿಲಲ್ಲಿ ನಿಂತಳು, ಇಬ್ಬರಲ್ಲಿ ಯಾರಿಗೆ ಏನಾಯಿತೆಂದು ತಿಳಿಯದೆ. ತುಳಸಿದಾಸನಿಗೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಬಹಳ ಅನ್ನಿಸಿತು. ಎಳೆದುಕೊಳ್ಳಲಿಲ್ಲ. ಗಣೇಶ ನೋಡಿ ಮುಗಿಸುವವರೆಗೂ ತೆರೆದೇ ಹಿಡಿದಿದ್ದ.